ಲಕ್ಷ್ಮಣರಾವ ಕಿರ್ಲೋಸ್ಕರರೂ ಅವರ ಮೊದಲ ಗಿರಾಕಿಗಳೂ

ಬೆಳಗಾವಿಯಲ್ಲಿ ಕಿರ್ಲೋಸ್ಕರ ರಸ್ತೆ ಎಂಬ ಬೀದಿಯೊಂದುಂಟು. ನಿತ್ಯವೂ ಸಾವಿರಾರು ಜನರು ಅದರಲ್ಲಿ ತಿರುಗಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಲ್ಲಿ ಅಣ್ಣತಮ್ಮಂದಿರಿಬ್ಬರು ಒಂದು ಚಿಕ್ಕ ಸಾಯಕಲ್ ಅಂಗಡಿಯನ್ನು ತೆರೆದರೆಂಬುದೂ, ಭಾರತದ ಯಂತ್ರೋದ್ಯಮದ ಒಂದು ಬಲವಾದ ಶಾಖೆಯು ಆ ಅಂಗಡಿಯ ಹೊಸ್ತಿಲಿನಿಂದಲೇ ಹೊರಟಿತೆಂಬುದೂ ಆ ಜನರಲ್ಲಿ ಎಷ್ಟು ಮಂದಿಗೆ ನೆನಪಿದ್ದೀತು? ನಮ್ಮಲ್ಲಿ ತರುಣನೊಬ್ಬನು ನೌಕರಿಯನ್ನು ಬಿಟ್ಟು ಸ್ವತಂತ್ರ ಉದ್ಯೋಗವನ್ನು ಮಾಡುತ್ತೇನೆಂದರೆ ಮನೆಯ ಹಿರಿಯರು ಕೇಳುವ ಮೊದಲನೆಯ ಪ್ರಶ್ನೆಯು ಬಂಡವಲವೆಷ್ಟು ಎಂಬುದು. ಎರಡನೆಯದು, ನಷ್ಟವಾದರೆ ಏನು ಗತಿ ಎಂಬುದು. ನಿನ್ನ ಸರಕನ್ನು ಮೊಟ್ಟಮೊದಲು ಕೊಳ್ಳುವವನಾರು, ಅವನು ಅದನ್ನು ಏಕೆ ಕೊಂಡಾನು ಎಂದು ಕೇಳುವವರು ವಿರಳ. ಲಕ್ಷ್ಮಣರಾವ ಕಿರ್ಲೋಸ್ಕರರ ಜೀವನದ ಪೂರ್ವಾರ್ಧವೆಲ್ಲವೂ ಈ ಮೂರನೆಯ ಪ್ರಶ್ನೆಯೊಡನೆ ನಡೆದ ಸೆಣಸಾಟವೇ ಆಗಿದೆ. ಅವರ ಉತ್ತರಾರ್ಧದ ವೈಭವವನ್ನು ಬಲ್ಲವರು ಬಹಳ ಮಂದಿ ಇರುವುದರಿಂದ ಇಲ್ಲಿ ಪೂರ್ವಾರ್ಧದ ಮೇಲೆಯೇ ಹೆಚ್ಚಾಗಿ ನಿಲ್ಲಲು ವಾಚಕರ ಅಪ್ಪಣೆಯನ್ನು ಬೇಡುತ್ತೇವೆ.

ಲಕ್ಷ್ಮಣರಾಯರು ೧೮೬೯ನೆಯ ಇಸವಿ ಜೂನ್ ೨೦ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ಕಾಶೀನಾಥಪಂತರು ವೇದಾಂತಾಸಕ್ತರು. ಮರಾಠಿ ಸಂಗೀತನಾಟಕದ ಪ್ರವರ್ತಕರೆಂದು ಹೆಸರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು, ಇದೇ ಮನೆತನದವರು. ಇಂತಹ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಶಾಲೆಯ ಪಾಠವಾಗಲಿ ಶಾಸ್ತ್ರವಾಗಲಿ ರುಚಿಸಲಿಲ್ಲ. ಚಿತ್ರ ಬರೆಯುವುದರಲ್ಲಿಯೂ ಯಂತ್ರದ ವಸ್ತುಗಳಲ್ಲಿಯೂ ಅವನ ಮನಸ್ಸು ನೆಟ್ಟಿತ್ತು. ತಂದೆಗೆ ಇದು ಸರಿಬೀಳಲಿಲ್ಲ. ಆದರೂ ಹಿರಿಯಣ್ಣನಾದ ರಾಮಚಂದ್ರರಾಯರು, ಎಂದರೆ ಎಲ್ಲರೂ ರಾಮುಅಣ್ಣ ಎಂದು ಕರೆಯುತ್ತಿದ್ದವರು, ಹಣದ ಸಹಾಯವನ್ನು ಮಾಡಿದುದರಿಂದ ೧೮೮೫ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷಗಳಾಗುವಷ್ಟರಲ್ಲಿ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದವು ಗೊತ್ತಾಗುವುದಿಲ್ಲವೆಂಬ ದೋಷವು ಬಯಲಾಯಿತು. ಬಣ್ಣ ತಿಳಿಯದವನು ವರ್ಣಚಿತ್ರಕಾರನಾಗುವುದೆಂತು? ಇನ್ನೊಬ್ಬನಾಗಿದ್ದರೆ ಊರಿಗೆ ಮರಳುತ್ತಿದ್ದನು. ಇವರು ಬಣ್ಣವನ್ನು ಬಿಟ್ಟು ಗೆರೆಯನ್ನು ಹಿಡಿದರು. ಯಂತ್ರಗಳ ನಕ್ಷೆಯನ್ನು ತೆಗೆಯುವ ವಿದ್ಯೆಯನ್ನು ಕಲಿತು ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಆ ವಿಷಯದ ಸಹಾಯಕ ಶಿಕ್ಷಕರಾದರು. ಬಿಡುವಿನ ವೇಳೆಯನ್ನೆಲ್ಲ ಯಂತ್ರಶಾಲೆಗಳಲ್ಲಿ ಕಳೆದರು. ನಕ್ಷೆಯನ್ನು ಕಲಿಸುವವನ ಕೈಗೆ ಎಣ್ಣೆಯ ಮಸಿ ಹತ್ತುವುದು ಅಂದಿನ ಶಿಕ್ಷಿತರ ದೃಷ್ಟಿಯಲ್ಲಿ ಅಷ್ಟು ಗೌರವದ ವಿಷಯವಾಗಿರಲಿಲ್ಲವೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುವುದು.

ಮುಂಬಯಿಯ ಬೀದಿಯಲ್ಲಿ ಅವರು ಮೊಟ್ಟಮೊದಲು ಸಾಯಕಲ್ಲಿನ ಮೇಲೆ ಕುಳಿತ ಮನುಷ್ಯನನ್ನು ಕಂಡರು. ಎರಡೇ ಗಾಲಿಗಳ ಮೇಲೆ ಬೀಳದೆ ಸಾಗುವ ಈ ಸೋಜಿಗವನ್ನು ನೋಡಿ ಬೆರಗಾದವರು ಮುಂಬಯಿಯಲ್ಲಿ ಬೇಕಾದಷ್ಟು ಜನರಿದ್ದರು. ಲಕ್ಷ್ಮಣರಾಯರಿಗೆ ಮಾತ್ರ ಇದನ್ನು ಬೆಳಗಾವಿಯಲ್ಲಿ ಮಾರಬಹುದಲ್ಲವೆ ಎಂಬ ವಿಚಾರವು ಹೊಳೆಯಿತು. ೧೮೮೮ರ ಸುಮಾರಿಗೆ ಅಣ್ಣತಮ್ಮಂದಿರು ಬೆಳಗಾವಿಯಲ್ಲಿ ಅಂಗಡಿಯನ್ನು ತೆರೆದು ಕಿರ್ಲೋಸ್ಕರ ಬ್ರದರ್ಸ್ ಎಂಬ ಹೆಸರನ್ನಿಟ್ಟರು. ತಮ್ಮನು ಮುಂಬಯಿಯಲ್ಲಿ ಸಾಯಕಲ್ಲುಗಳನ್ನು ಕೊಂಡು ಕಳುಹುವುದು, ಅಣ್ಣನು ಬೆಳಗಾವಿಯಲ್ಲಿ ಮಾರುವುದು ಮತ್ತು ದುರಸ್ತಿ ಮಾಡಿಸುವುದು. ಹೀಗೆ ಕೆಲಸದ ಹಂಚಿಕೆ. ಶಿಕ್ಷಕನ ಸಂಬಳವು ಬರುತ್ತಲೇ ಇದ್ದುದರಿಂದ ಅಂಗಡಿಯು ಮೊದಲ ದಿನದಿಂದಲೇ ಇಬ್ಬರ ಹೊಟ್ಟೆಯನ್ನು ಹೊರೆಯಬೇಕಾಗಿರಲಿಲ್ಲ. ಈ ಸಂಗತಿಯನ್ನು ಚರಿತ್ರಕಾರರು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಮಗಾದರೋ ಇದು ಮುಖ್ಯವೆಂದು ತೋರುತ್ತದೆ. ಹೊಸ ಅಂಗಡಿಗಳಲ್ಲಿ ಬಹಳಷ್ಟು ಸರಕು ಕೆಟ್ಟದ್ದಾದ್ದರಿಂದ ಮುಚ್ಚುವುದಿಲ್ಲ. ಗಿರಾಕಿಯು ಬರುವುದಕ್ಕೆ ಮುಂಚೆಯೇ ಮನೆಯ ಅಕ್ಕಿ ತೀರಿಹೋಗುವುದರಿಂದ ಮುಚ್ಚುತ್ತವೆ.

ಆಗ ಸಾಯಕಲ್ಲೊಂದರ ಬೆಲೆಯು ೭೦೦ರಿಂದ ೧೦೦೦ ರೂಪಾಯಿಗಳವರೆಗೆ ಇತ್ತು. ಅಂದಿನ ಸಾಮಾನ್ಯ ಗುಮಾಸ್ತನೊಬ್ಬನ ಒಂದು ವರ್ಷದ ಸಂಬಳಕ್ಕಿಂತಲೂ ಇದು ಅಧಿಕವಾದ ಮೊತ್ತ. ಇದನ್ನು ಕೊಡಬಲ್ಲವರು ದಂಡಿನ ಸಾಹೇಬರು, ಹಿರಿಯ ಅಧಿಕಾರಿಗಳು, ಗಳಿಕೆಯುಳ್ಳ ವಕೀಲರು, ಇಂತಹ ಕೆಲವರೇ. ಅವರಲ್ಲಿ ಹಣವಿತ್ತು, ಕುತೂಹಲವೂ ಇತ್ತು. ಇಲ್ಲದಿದ್ದುದು ಅದರ ಮೇಲೆ ಕೂಡ್ರುವ ವಿದ್ಯೆ. ಹತ್ತಲು ಬಾರದ ವಾಹನವನ್ನು ವರ್ಷದ ಸಂಬಳವನ್ನು ಸುರಿದು ಕೊಳ್ಳುವ ಮಹಾಶಯನು ಯಾವ ಊರಿನಲ್ಲಿಯೂ ದೊರೆಯಲಾರನು. ಅಷ್ಟೇ ಅಲ್ಲ, ಜರಿಯ ರುಮಾಲನ್ನು ಸುತ್ತಿಕೊಂಡ ಪ್ರತಿಷ್ಠಿತ ಗೃಹಸ್ಥನೊಬ್ಬನು ನಡುಬೀದಿಯಲ್ಲಿ ಬಿದ್ದು ಹುಡುಗರ ನಗೆಗೆ ಈಡಾಗಲು ಒಪ್ಪುವನೆ? ರಾಮುಅಣ್ಣನವರು ೧೫ ರೂಪಾಯಿಗಳ ಶುಲ್ಕವನ್ನು ತೆಗೆದುಕೊಂಡು ಸಾಯಕಲ್ ನಡೆಸುವುದನ್ನು ಕಲಿಸತೊಡಗಿದರು. ಕೊಳ್ಳಲಿರುವವನ ಭಯವು ಇದರಿಂದ ಹೋಯಿತು. ಕಲಿಸುವ ಹೊತ್ತಿನಲ್ಲಿಯೇ ಬೀದಿಯ ಜನರೆಲ್ಲರೂ ವಾಹನವನ್ನು ನೋಡಿದರು. ಇಂತಹ ಜಾಹೀರಾತು ಯಾವ ಪತ್ರಿಕೆಯಲ್ಲಿ ಸಿಕ್ಕೀತು? ಮಾರಾಟವಾಗದ ತಿಂಗಳಿನಲ್ಲಿಯೂ ಕಲಿಯುವವರಿಂದ ಮತ್ತು ದುರಸ್ತಿಯಿಂದ ನಾಲ್ಕು ಕಾಸು ಬರುವಂತಾಯಿತು. ಸರಕನ್ನು ಮಾರುವುದಕ್ಕೆ ಮೊದಲು ಸರಕಿನ ಬಳಕೆಯನ್ನು ಮಾರಬೇಕೆಂಬುದನ್ನು ಈ ಅಣ್ಣತಮ್ಮಂದಿರು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಮುಂಬಯಿಯ ನೌಕರಿಯು ಬಹಳ ದಿನ ಉಳಿಯಲಿಲ್ಲ. ಬಡತಿಯು ತಮಗೆ ನ್ಯಾಯವಾಗಿ ಬರಬೇಕಾಗಿದ್ದಾಗ ಆಂಗ್ಲೋ-ಇಂಡಿಯನ್ ಗೃಹಸ್ಥರೊಬ್ಬರನ್ನು ಆ ಸ್ಥಾನಕ್ಕೆ ಏರಿಸಿದುದನ್ನು ಕಂಡು ಲಕ್ಷ್ಮಣರಾಯರು ೧೮೯೭ರಲ್ಲಿ ರಾಜೀನಾಮೆಯನ್ನು ಕೊಟ್ಟು ಬೆಳಗಾವಿಗೆ ಬಂದರು. ಆ ಕಾಲದಲ್ಲಿ ಇಂತಹ ಅನ್ಯಾಯವನ್ನು ನುಂಗಿಕೊಂಡು ಪಿಂಚಣಿಯ ದಿನವನ್ನೆಣಿಸಿದ ವಿದ್ಯಾವಂತರು ಸಾವಿರಾರು ಮಂದಿ. ಅವರನ್ನು ನಾವು ದೂಷಿಸಲಾರೆವು. ಸಂಸಾರದ ಭಾರವು ಎಲ್ಲರ ಬೆನ್ನನ್ನೂ ಬಾಗಿಸುವುದು. ಆದರೆ ಇವರಿಗೆ ಹಿಂದಿರುಗಿ ಬರಲು ಬೆಳಗಾವಿಯಲ್ಲಿ ಒಂದು ಅಂಗಡಿಯಿತ್ತು, ಕೈಯಲ್ಲಿ ಒಂದು ಕಸಬಿತ್ತು. ಸ್ವಾಭಿಮಾನಕ್ಕೂ ಕಾಲೂರಲು ನೆಲ ಬೇಕಷ್ಟೆ.

ಪರದೇಶದ ಸರಕನ್ನು ತಂದು ಮಾರುವುದರಲ್ಲಿ ಲಾಭವಿದ್ದರೂ ಅದು ದಲ್ಲಾಳಿಯ ಲಾಭ. ತಾವೇ ಒಂದು ವಸ್ತುವನ್ನು ಮಾಡಬೇಕೆಂಬ ಹಂಬಲವು ಲಕ್ಷ್ಮಣರಾಯರನ್ನು ಬಿಡಲಿಲ್ಲ. ಅಮೇರಿಕದ ಯಂತ್ರಶಿಲ್ಪದ ಮಾಸಪತ್ರಿಕೆಗಳನ್ನು ತರಿಸಿ ಓದುತ್ತಿದ್ದರು. ಸುತ್ತಲೂ ಇದ್ದುದು ಒಕ್ಕಲುತನದ ನಾಡು. ಗಿರಾಕಿಯೆಂದರೆ ಒಕ್ಕಲಿಗನೇ ಎಂದು ಅವರು ನಿರ್ಣಯಿಸಿದರು. ಮೊದಲು ಮೇವು ಕತ್ತರಿಸುವ ಯಂತ್ರವನ್ನು ಕೈಗೆತ್ತಿಕೊಂಡರು. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ತುಳಿದು ಕೆಡಿಸುತ್ತವೆ. ಸಣ್ಣದಾಗಿ ಕತ್ತರಿಸಿದರೆ ಎಲ್ಲವೂ ಹೊಟ್ಟೆಗೆ ಹೋಗುತ್ತದೆ. ಮಳೆ ತಪ್ಪಿ ಮೇವು ತುಟ್ಟಿಯಾದ ವರ್ಷದಲ್ಲಿ ಈ ಲೆಕ್ಕವು ಯಾರಿಗೂ ಬಿಡಿಸಿ ಹೇಳದೆಯೇ ತಿಳಿಯುವಂಥದು. ಯಂತ್ರದ ಗುಣವನ್ನು ಕೊಂಡವನು ತನ್ನ ಕೊಟ್ಟಿಗೆಯಲ್ಲಿ ಅಂದೇ ಕಾಣಬಹುದಾಗಿತ್ತು.

ನೇಗಿಲಿನ ಸಂಗತಿಯು ಹಾಗಲ್ಲ. ನಮ್ಮ ಮರದ ನೇಗಿಲು ನೆಲವನ್ನು ಸೀಳುವುದೇ ಹೊರತು ಮಗುಚುವುದಿಲ್ಲ. ಕಬ್ಬಿಣದ ನೇಗಿಲಿನ ಬಾಗಿದ ರೆಕ್ಕೆಯು ಮಣ್ಣನ್ನು ಎತ್ತಿ ತಿರುವಿಹಾಕುತ್ತದೆ. ಕೆಳಗಿನದು ಮೇಲಾಗಿ ಕರಿಕೆಯಂತಹ ಹಟಮಾರಿ ಕಳೆಯ ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಇಂಗ್ಲೆಂಡಿನಿಂದ ಬರುತ್ತಿದ್ದ ಇಂತಹ ನೇಗಿಲುಗಳನ್ನು ನೋಡಿ ಲಕ್ಷ್ಮಣರಾಯರು ಬೆಳಗಾವಿಯಲ್ಲಿಯೇ ಎರಕ ಹೊಯ್ದು ಸ್ವದೇಶದ ನೇಗಿಲನ್ನು ಸಿದ್ಧಪಡಿಸಿದರು. ಆದರೆ ಕೊಳ್ಳುವವನಿಲ್ಲ. ಕಬ್ಬಿಣವು ಭೂಮಿಗೆ ವಿಷವೆಂದೂ, ಇದರಿಂದ ಉತ್ತ ಹೊಲವು ಬಂಜೆಯಾಗುವುದೆಂದೂ ಒಕ್ಕಲಿಗರು ಹೆದರಿದರು. ಮೊದಲನೆಯ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷಗಳು ಹಿಡಿದವು. ವಾಚಕರು ಈ ಎರಡು ವರ್ಷಗಳನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಸರಕು ಕಣ್ಣೆದುರಿಗೆ ಬಿದ್ದಿದೆ. ಅದರಲ್ಲಿ ಹೂಡಿದ ಹಣವು ಬೆಳೆಯದು, ಮರಳದು. ಆಳುಗಳಿಗೆ ಕೂಲಿಯನ್ನು ಕೊಡಲೇಬೇಕು. ಊರಿನ ಬುದ್ಧಿವಂತರು ಬಂದು ನೋಡಿ ತಲೆಯಾಡಿಸಿ ಹೋಗುತ್ತಾರೆ.

ಈ ಕಥೆಯನ್ನು ಹೇಳುವವರೆಲ್ಲರೂ ಒಕ್ಕಲಿಗನ ಮೂಢನಂಬಿಕೆಯನ್ನು ಹಳಿದು ಮುಗಿಸುತ್ತಾರೆ. ನಮಗೆ ಇದು ಪೂರ್ಣ ಸತ್ಯವೆಂದು ತೋರುವುದಿಲ್ಲ. ಮರದ ನೇಗಿಲಿನ ತುದಿಗೂ ಕಬ್ಬಿಣದ ಕುಳವು ಇದ್ದೇ ಇರುತ್ತದೆ. ತಲತಲಾಂತರದಿಂದ ಅದು ನೆಲವನ್ನು ಮುಟ್ಟುತ್ತಲೇ ಬಂದಿದೆ. ಹಾಗಿದ್ದ ಮೇಲೆ ವಿಷದ ಮಾತಿನ ಹಿಂದೆ ಬೇರೊಂದು ಅಂಜಿಕೆಯೂ ಅಡಗಿದ್ದಿರಬೇಕು. ಮರದ ನೇಗಿಲು ಮುರಿದರೆ ಊರ ಬಡಿಗನು ಸರಿಪಡಿಸುವನು. ಕುಳವು ಸವೆದರೆ ಕಮ್ಮಾರನು ತಟ್ಟಿಕೊಡುವನು. ಅವರಿಬ್ಬರಿಗೂ ಒಕ್ಕಲಿಗನು ರೊಕ್ಕವನ್ನು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲಿಯೇ ಆಯದ ಕಾಳನ್ನು ಅಳೆದು ಕೊಡುತ್ತಿದ್ದನು. ಎರಕದ ನೇಗಿಲಿಗಾದರೋ ಕೈಯಲ್ಲಿ ರೊಕ್ಕ ಬೇಕು. ಅದು ಕಲ್ಲಿಗೆ ತಾಗಿ ಒಡೆದರೆ ಬಡಿಗನೂ ಕಮ್ಮಾರನೂ ಕೈಚೆಲ್ಲುವರು; ಪೇಟೆಯಿಂದಲೇ ಹೊಸ ಭಾಗವನ್ನು ತರಬೇಕು. ಉಳುಮೆಯ ಹದವು ನಾಲ್ಕು ದಿನ ತಪ್ಪಿದರೆ ಆ ವರ್ಷದ ಅನ್ನವೇ ತಪ್ಪೀತು, ಸಾಲಗಾರನು ಬಾಗಿಲಿಗೆ ಬಂದಾನು. ಹೀಗಿರುವಾಗ ಇನ್ನೊಬ್ಬನು ಮೊದಲು ಕೊಂಡು ನೋಡಲಿ ಎಂದು ಅವನು ಕಾಯ್ದುದು ಅವಿವೇಕವೆನ್ನಬಹುದೆ? ಕಛೇರಿಯಲ್ಲಿ ಹೊಸ ಪದ್ಧತಿಯೊಂದು ಬಂದಾಗ ನಮ್ಮ ನಿಮ್ಮಂಥವರೂ ಹೀಗೆಯೇ ಕಾಯುತ್ತೇವೆ. ನಮಗೆ ಕಳೆದುಕೊಳ್ಳಲು ಹೊಲವೂ ಇರುವುದಿಲ್ಲ.

ಲಕ್ಷ್ಮಣರಾಯರ ಹಿರಿಮೆಯು ಒಕ್ಕಲಿಗನನ್ನು ದಡ್ಡನೆಂದು ಬೈದು ಕೈಬಿಡದೆ ಇದ್ದುದರಲ್ಲಿದೆ. ನೇಗಿಲಿನ ಜಾಹೀರಾತನ್ನು ಓದಿ ಯಾರೂ ಕೊಳ್ಳಲಾರರು. ಒಬ್ಬನು ಕೊಂಡು ಒಂದು ಮಳೆಗಾಲವನ್ನು ಕಳೆದು, ಬದುವಿನಾಚೆ ನಿಂತ ನೆರೆಯವನು ಆ ಹೊಲದ ಬೆಳೆಯನ್ನೂ ತನ್ನ ಹೊಲದ ಕಳೆಯನ್ನೂ ಹೋಲಿಸಿ ನೋಡಬೇಕು. ಆಮೇಲೆ ಮಾರುವವನ ಮಾತು ಅಷ್ಟಾಗಿ ಬೇಕಾಗುವುದಿಲ್ಲ. ಇನ್ನು ಸವೆದ ತುದಿಯ ಬದಲಿಗೆ ಹೊಸ ತುದಿಯು ಕೂಗಳತೆಯ ದೂರದಲ್ಲಿ ಸಿಕ್ಕುವುದೆಂಬ ಭರವಸೆಯನ್ನು ಇಂಗ್ಲೆಂಡಿನ ಕಂಪನಿಗಿಂತ ಬೆಳಗಾವಿಯ ಎರಕದವನು ಸುಲಭವಾಗಿ ಕೊಡಬಲ್ಲನು. ಚಿಕ್ಕ ಉದ್ಯಮಿಗೆ ದೊಡ್ಡವನೊಡನೆ ಸ್ಪರ್ಧಿಸಲು ಉಳಿದಿರುವ ಬಲವು ಬಹುಶಃ ಇದೊಂದೇ: ಗಿರಾಕಿಯ ಮನೆಗೆ ಹತ್ತಿರವಾಗಿರುವುದು.

ಗಿರಾಕಿಯು ಇನ್ನೇನು ಬರತೊಡಗಿದನು ಎನ್ನುವಷ್ಟರಲ್ಲಿ ನೆಲವೇ ಕಾಲಕೆಳಗಿನಿಂದ ಸರಿಯಿತು. ಬೆಳಗಾವಿಯ ಮುನಿಸಿಪಾಲಿಟಿಯ ನಿರ್ಬಂಧಗಳ ದೆಸೆಯಿಂದ ಲಕ್ಷ್ಮಣರಾಯರು ತಮ್ಮ ಕಾರಖಾನೆಯ ಸ್ಥಳವನ್ನು ಖುಲಾ ಮಾಡಬೇಕಾಯಿತು. ಇದರಲ್ಲಿ ದ್ವೇಷವಿತ್ತೆಂದು ನಾವು ಹೇಳುವುದಿಲ್ಲ. ಊರು ಬೆಳೆಯಬೇಕು, ಬಡಾವಣೆಗಳಾಗಬೇಕು, ಹೊಗೆ ಧೂಳುಗಳ ವಿಚಾರವನ್ನೂ ನೋಡಬೇಕು. ನಿಯಮಗಳೆಲ್ಲವೂ ತಮ್ಮ ಮಟ್ಟಿಗೆ ಸರಿಯಾಗಿಯೇ ಇರಬಹುದು. ಆದರೆ ಕಬ್ಬಿಣವನ್ನು ಕರಗಿಸುವ ಕುಲುಮೆಯು ಬೇಡವಾದ ಊರು, ಇದರಿಂದ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಲೆಕ್ಕ ಹಾಕಿತೆ? ಕಾಲದ ವಿನೋದವನ್ನು ನೋಡಿರಿ: ಮುಂದೆ ಇದೇ ಬೆಳಗಾವಿಯು ಎರಕದ ಉದ್ಯಮಕ್ಕೆ ಹೆಸರಾಯಿತು, ಉದ್ಯಮಬಾಗದಲ್ಲಿ ಇಂದು ಎರಕದ ಮನೆಗಳೂ ಯಂತ್ರಶಾಲೆಗಳೂ ಸಾಲುಸಾಲಾಗಿವೆ. ಮೊದಲನೆಯವನಿಗೆ ಸ್ಥಳವಿಲ್ಲ, ನೂರನೆಯವನಿಗೆ ಸಕಲ ಸೌಕರ್ಯ. ಪರವಾನಗಿಯ ಕಾಗದಕ್ಕೆ ಸಹಿ ಹಾಕುವ ಸ್ಥಾನದಲ್ಲಿರುವ ನಮ್ಮ ವಾಚಕ ಮಹಾಶಯರು ಈ ಸಂಗತಿಯನ್ನು ತುಸು ಯೋಚಿಸಬೇಕೆಂದು ವಿನಂತಿಸುತ್ತೇವೆ. ಅವರ ಮೇಜಿನ ಮೇಲೆ ಬರುವ ಅರ್ಜಿಗಳಲ್ಲಿ ಮೊದಲನೆಯವನದು ಯಾವುದು ಎಂಬುದು ಕಾಗದದ ಮೇಲೆ ಬರೆದಿರುವುದಿಲ್ಲ.

ಆ ವೇಳೆಗೆ ಲಕ್ಷ್ಮಣರಾಯರಿಗೆ ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತಪ್ರತಿನಿಧಿಯವರ ಸ್ನೇಹವು ದೊರೆತಿತ್ತು. ಔಂಧದಲ್ಲಿ ಮಂಟಪವನ್ನು ಕಟ್ಟುವ ಗುತ್ತಿಗೆಯನ್ನು ಅವರು ವಹಿಸಿಕೊಂಡಿದ್ದರು. ಸೂರ್ಯನಮಸ್ಕಾರದ ಪ್ರಚಾರಕರೆಂದು ಮುಂದೆ ದೇಶದಲ್ಲೆಲ್ಲ ಪ್ರಸಿದ್ಧರಾದ ಈ ಸಂಸ್ಥಾನಿಕರು ಸ್ವತಃ ಚಿತ್ರಕಾರರು. ಬಣ್ಣದ ಕಣ್ಣನ್ನು ಕಳೆದುಕೊಂಡ ಕಲಾಶಾಲೆಯ ಹಳೆಯ ವಿದ್ಯಾರ್ಥಿಗೆ ಅವರ ಹೃದಯದಲ್ಲಿ ಸ್ಥಾನ ದೊರೆತುದರಲ್ಲಿ ಆಶ್ಚರ್ಯವಿಲ್ಲ. ಕಾರಖಾನೆಗೆ ನೆಲೆಯಿಲ್ಲವೆಂಬುದನ್ನು ತಿಳಿದು ಅವರು ತಮ್ಮ ಸಂಸ್ಥಾನದಲ್ಲಿ ಸ್ಥಳವನ್ನೂ ೧೦,೦೦೦ ರೂಪಾಯಿಗಳ ಸಾಲವನ್ನೂ ಕೊಟ್ಟರು. ಕುಂಡಲ ರೋಡ್ ಎಂಬ ಚಿಕ್ಕ ರೇಲ್ವೆ ನಿಲ್ದಾಣದ ಬಳಿಯಲ್ಲಿ ೩೨ ಎಕರೆಗಳ ನೆಲವನ್ನು ಲಕ್ಷ್ಮಣರಾಯರು ಆರಿಸಿಕೊಂಡರು. ಪಾಪಾಸುಕಳ್ಳಿ ಬೆಳೆದು ನಾಗರಹಾವುಗಳಿಗೆ ಆಶ್ರಯವಾಗಿದ್ದ ಬರಡು ನೆಲವದು. ಕಂಡವರು ಮರುಗಿದರು. ಆದರೆ ಆ ನೆಲದ ಪಕ್ಕದಲ್ಲಿ ಪುಣೆಯಿಂದ ಮಿರಜಿಗೆ ಹೋಗುವ ರೇಲ್ವೆಯ ಹಳಿಯಿತ್ತು. ಕಬ್ಬಿಣ, ಕಲ್ಲಿದ್ದಲುಗಳು ಬರುವುದಕ್ಕೂ ಭಾರವಾದ ನೇಗಿಲುಗಳು ದೂರದ ಊರುಗಳ ಗಿರಾಕಿಗಳಿಗೆ ಹೋಗುವುದಕ್ಕೂ ಒಳ್ಳೆಯ ಕಪ್ಪು ಮಣ್ಣಿಗಿಂತ ಆ ಹಳಿಯೇ ಹೆಚ್ಚಿನ ಆಸ್ತಿಯೆಂಬುದನ್ನು ಅವರು ಬಲ್ಲರು.

೧೯೧೦ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು. ಅಣ್ಣ ರಾಮುಅಣ್ಣನವರು ಜೊತೆಗಿದ್ದರು. ಪತ್ನಿ ರಾಧಾಬಾಯಿಯವರು ಕಳ್ಳಿಯ ಬಯಲಿನಲ್ಲಿ ಸಂಸಾರವನ್ನು ಹೂಡಿದರು. ಶಂಭುರಾವ ಜಾಂಭೇಕರ, ಮಂಗೇಶರಾವ ರೇಗೆ, ಅನಂತರಾವ ಫಳಣೀಕರ ಮೊದಲಾದವರು ಬಂದು ಸೇರಿದರು. ಇವರಲ್ಲಿ ಪದವಿಯ ಹೊರೆಯನ್ನು ಹೊತ್ತವರು ಬಹಳಿಲ್ಲ. ಕೆಲಸವನ್ನು ಮಾಡುತ್ತ ಕಲಿತವರೇ ಹೆಚ್ಚು. ಸೆರೆಮನೆಯನ್ನು ಕಂಡು ಬಂದವರಿಗೆ ಕಾವಲಿನ ಕೆಲಸವನ್ನು ಒಪ್ಪಿಸಿದರು, ಅಸ್ಪೃಶ್ಯತೆಯನ್ನು ವಾಡಿಯೊಳಗೆ ಬಿಟ್ಟುಕೊಳ್ಳಲಿಲ್ಲ. ಇವುಗಳನ್ನು ಕುರಿತು ಪ್ರತ್ಯೇಕವಾಗಿಯೇ ಬರೆಯಬೇಕು. ಇಲ್ಲಿ ಹೇಳಬೇಕಾದುದಿಷ್ಟೆ: ನೇಗಿಲಿಗೆ ಗಿರಾಕಿಯು ಹೆಚ್ಚಿದನು. ೧೯೧೪ರಲ್ಲಿ ಯುರೋಪಿನ ಮಹಾಯುದ್ಧವು ಹೊತ್ತಿ ಪರದೇಶದ ನೇಗಿಲುಗಳು ಬರುವುದು ಕಷ್ಟವಾದಾಗ ಸ್ವದೇಶದ ನೇಗಿಲಿಗೆ ಬೇಡಿಕೆಯು ಏರಿತು. ಇದು ದೈವಾನುಕೂಲವೆನ್ನುವವರು ಎನ್ನಲಿ. ಅದೇ ಯುದ್ಧವು ದೇಶಕ್ಕೆಲ್ಲ ಬಂದಿತ್ತು; ಆ ದಿನ ಸಿದ್ಧವಾದ ನೇಗಿಲು ಇದ್ದುದು ಎರಡು ವರ್ಷ ಒಂದೂ ಮಾರದೆ ಕುಳಿತಿದ್ದವನ ಬಳಿಯಲ್ಲಿ.

೧೯೨೦ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಮರ್ಯಾದಿತ ಕಂಪನಿಯಾಗಿ ಮಾರ್ಪಟ್ಟಿತು. ಅದೇ ವರ್ಷ ಮನೆತನದ ತರುಣರಾದ ಶಂಕರರಾವ ಕಿರ್ಲೋಸ್ಕರರು ಕಿರ್ಲೋಸ್ಕರ ಖಬರ್ ಎಂಬ ಪತ್ರಿಕೆಯನ್ನು ಆರಂಭಿಸಿದರು. ಕಾರಖಾನೆಯ ಸುದ್ದಿಯನ್ನು ಗಿರಾಕಿಗೆ ಮುಟ್ಟಿಸುವುದಕ್ಕೆಂದು ಹೊರಟ ಈ ಚಿಕ್ಕ ಪತ್ರಿಕೆಯು ಕಾಲಕ್ರಮದಲ್ಲಿ ಮಹಾರಾಷ್ಟ್ರದ ಮನೆಮನೆಗಳ ಸಾಹಿತ್ಯ ಮಾಸಿಕವಾಯಿತು. ಮುಂದೆ ಕಬ್ಬಿನ ಗಾಣ, ಸೇಂಗಾ ಒಡೆಯುವ ಯಂತ್ರ, ನೀರೆತ್ತುವ ಪಂಪುಗಳು ಒಂದೊಂದಾಗಿ ಹೊರಬಂದವು. ಪ್ರತಿಯೊಂದೂ ಅದೇ ಹಳೆಯ ಗಿರಾಕಿಯ ಇನ್ನೊಂದು ಅವಶ್ಯಕತೆ. ನೇಗಿಲನ್ನು ನಂಬಿದ ಮನೆಗೆ ಗಾಣವನ್ನು ಮಾರಲು ಎರಡು ವರ್ಷ ಕಾಯಬೇಕಾಗಿರಲಿಲ್ಲ.

ಹುಟ್ಟಿದ ನಾಡಿಗೂ ಆ ಮನೆತನಕ್ಕೂ ಸಂಬಂಧವು ಹರಿಯಲಿಲ್ಲ. ೧೯೪೧ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಂಪನಿಯು ಲೇತುಗಳನ್ನು ಮಾಡುವುದಕ್ಕಾಗಿ ಸ್ಥಾಪಿತವಾಯಿತು. ೧೯೪೬ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಾರಖಾನೆಯು ಬಂದಿತು. ಹರಿಹರದ ಕಾರಖಾನೆಯು ಹಲವು ದಶಕಗಳವರೆಗೆ ಆ ಊರಿಗೆ ಅನ್ನವನ್ನೂ ಹೆಸರನ್ನೂ ಕೊಟ್ಟು ಕಡೆಗೆ ಮುಚ್ಚಿಹೋಯಿತು. ಅದರ ಕಾರಣಗಳು ಬೇರೆ, ಕಾಲವೂ ಬೇರೆ.

೧೯೪೮ರಲ್ಲಿ ಮಹಾತ್ಮರ ಹತ್ಯೆಯ ತರುವಾಯ ಎದ್ದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಗೆ ಬೆಂಕಿ ಬಿದ್ದಿತು. ಕಟ್ಟಿದವರು ಆಗ ಎಪ್ಪತ್ತೆಂಟರ ವೃದ್ಧರು. ಕಾರಖಾನೆಯು ಮತ್ತೆ ಎದ್ದು ನಿಂತಿತು. ಲಕ್ಷ್ಮಣರಾಯರು ೧೯೫೬ನೆಯ ಇಸವಿ ಸೆಪ್ಟೆಂಬರ್ ೨೬ರಂದು ತೀರಿಕೊಂಡರು. ಅವರ ಜನ್ಮಶತಾಬ್ದಿಯಾದ ೧೯೬೯ರ ಜೂನ್ ೨೦ರಂದು ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಯ ಚೀಟಿಯನ್ನು ಹೊರಡಿಸಿತು. ಕುಂಡಲ ರೋಡ್ ನಿಲ್ದಾಣದ ಹೆಸರು ಅಷ್ಟರೊಳಗೆ ಅಳಿಸಿಹೋಗಿತ್ತು. ರೇಲ್ವೆಯವರ ವೇಳಾಪತ್ರಿಕೆಯಲ್ಲಿ ಇಂದಿಗೂ ಅದು ಕಿರ್ಲೋಸ್ಕರವಾಡಿ ಎಂದಿದೆ.